ಗಂಡನ ಹೆಸರೇ ಕೀಲಿಯಾದ ಡಿ ಡ್ರೈವ್

೧

ಎಲ್ಲಿಂದ ಶುರು ಮಾಡಲಿ? ಹೊಸ ವಿಂಡೋಸ್ ಹಾಕಿದ ಮೇಲೆ ಮಸ್ಕಿಯ ಝೆರಾಕ್ಸ್ ಅಂಗಡಿಯ ಕಸ್ತೂರೆಮ್ಮನ ಕಂಪ್ಯೂಟರಿನಲ್ಲಿ ಡಿ ಡ್ರೈವ್ ಕಾಣೆಯಾಯಿತು ಎಂದರೆ, ಇದು ಕಥೆಯೋ ಕಂಪ್ಲೇಂಟೋ ಎನ್ನುತ್ತೀರಿ. ಅದರಲ್ಲಿ ತೀರಿಹೋದ ತಾಯಿ ಪಾರ್ವತೆಮ್ಮ ಹಾಡಿದ ಜೋಗುಳಗಳಿದ್ದವು, ಬೇರೆಲ್ಲೂ ಪ್ರತಿಯಿಲ್ಲ ಎಂದರೆ ತುಸು ಮುಂದಕ್ಕೆ ಬಾಗುತ್ತೀರಿ. (ಬಾಗಿ. ನನಗೂ ಓದುಗರು ಬೇಕು.)

೨

ರಿಪೇರಿಯ ಮೌಲಾಹುಸೇನ ಸಿಂಧನೂರಿನಲ್ಲಿ ಕೂತೇ ಇಂಟರ್ನೆಟ್ಟಿನ ಮೂಲಕ ಅವಳ ಪರದೆ ನೋಡುತ್ತ ಕಂಪ್ಯೂಟರ್ ನಡೆಸುತ್ತಿದ್ದ. ಫೋನಿನಲ್ಲಿ ಹೇಳಿದ:

"ಅಕ್ಕಾರ, ಡಿಸ್ಕ್ ಎಲ್ಲೂ ಹೋಗಿಲ್ರಿ. ಹೊಸ ವಿಂಡೋಸ್ ಅದಕ್ಕ ಅಕ್ಷರ ಕೊಟ್ಟಿಲ್ಲ, ಅದಕ್ಕ ಕಾಣವಲ್ದು. ತಡೀರಿ, ಡಿ ಅಂತ ಕೊಟ್ಟೆ. ಬಂತು ನೋಡ್ರಿ!"

ಬಂತು. ಬೀಗ ಹಾಕಿಕೊಂಡು ಬಂತು.

"ಪಾಸ್‌ವರ್ಡ್ ಹೇಳ್ರಿ, ನಾ ಹೊಡಿತೀನಿ. ಲಗೂನ ಹೇಳ್ರಿ, ಡಿಸ್ಕ್ ಟಕ್ ಟಕ್ ಅನ್ನೂದು ಇಲ್ಲಿತನಕ ಕೇಳಾಕತ್ತೈತಿ. ಒಮ್ಮೆ ಬಂದ್ ಆದ್ರ ಖಲಾಸ್."

ಪಾಸ್‌ವರ್ಡ್ ಕಸ್ತೂರೆಮ್ಮನ ಗಂಡನ ಹೆಸರು. ಇಟ್ಟವನೂ ಅವನೇ. "ನೀ ಏನಾದ್ರೂ ಬಾಯಿ ಬಿಡಂಗಿಲ್ಲ. ಇದಕ್ಕಿಂತ ಗಟ್ಟಿ ಕೀಲಿ ಎಲ್ಲೈತಿ?" ಎಂದು ನಕ್ಕಿದ್ದ. ಬಾಯಿಬಿಟ್ಟು ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳಿಗೆ ಕಲಿಸಿದವಳು ಇದೇ ಪಾರ್ವತೆಮ್ಮ. ತಾನೇ ಹೊಡೆಯೋಣವೆಂದರೆ ಇಂಗ್ಲಿಷ್ ಅಕ್ಷರ ಬಾರದು. (ನೆರೆಯವರನ್ನು ಕರೆಯಬಹುದಿತ್ತಲ್ಲ ಎನ್ನಬೇಡಿ. ಈ ಕಥೆಯಲ್ಲಿ ನಾನು ನೆರೆಯವರನ್ನು ಸೃಷ್ಟಿಸಿಯೇ ಇಲ್ಲ.)

೩ (ಹರಿದ ಕರಡು)

'ಗಂಡ ತೀರಿಕೊಂಡು ವರ್ಷವಾಗಿತ್ತು. ಕಣ್ಣೀರಿಡುತ್ತ ಮೊದಲ ಸಲ ಅವಳು...'

"ಲೇ ತಮ್ಮಾ," ಕಸ್ತೂರೆಮ್ಮ ನನ್ನ ಕಡೆ ತಿರುಗಿದಳು. "ಯಾರನ್ನ ಸಾಯಿಸಾಕತ್ತಿ? ಅವರು ಲಿಂಗಸುಗೂರಿಗೆ ಹೋಗ್ಯಾರ. ಫೋನ್ ಇಲ್ಲೇ ಮರ್ತು ಹೋಗ್ಯಾರ."

"ಅವರಿಲ್ಲದಿದ್ರ ಹೆಸರು ಹೇಳೂದು ಸುಲಭ ಆಗ್ತಿತ್ತಲ್ರಿ ಅಕ್ಕಾರ?"

"ಸುಲಭ ಆಗೂದು ನಿನ್ನ ಕಥಿ."

ಮಾತು ನಾಟಿತು. ಗಂಡನನ್ನು ಬದುಕಿಸಿದೆ. ಈಗ ನನಗೂ ದಾರಿ ಕಾಣದು.

೪

ಮುಕ್ತಾಯ ಒಂದು: ಅವಳು ಹೇಳುವುದಿಲ್ಲ, ಡಿಸ್ಕ್ ನಿಲ್ಲುತ್ತದೆ, ತಾಯಿ ಎರಡನೇ ಸಲ ಹೋಗುತ್ತಾಳೆ. (ಬೇಡ. ನನಗೇ ಸಂಕಟ.)

ಮುಕ್ತಾಯ ಎರಡು: ಮದುವೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಿಸಿ ಒಡಪಿನಲ್ಲಿ, ಅಂದರೆ ಪ್ರಾಸದ ಎರಡು ಸಾಲಿನಲ್ಲಿ ಹೆಣೆದು, ಗಂಡನ ಹೆಸರು ಹೇಳಿಸುತ್ತಾರೆ, ಅದಕ್ಕೆ ದೋಷವಿಲ್ಲ. ಆದರೆ ಫೋನಿನಲ್ಲಿ ಹೇಳಿದರೆ? ರಿಪೇರಿಯವನ ಮುಂದೆ ಹೇಳಿದರೆ? ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಡಿಸ್ಕ್ ಟಕ್ ಎಂದಿತು. ಕಸ್ತೂರೆಮ್ಮ ಎದ್ದು, ಫೋನು ಹಿಡಿದೇ, ಅಂಗಡಿಯ ಹೊಸ್ತಿಲ ಮೇಲೆ ನಿಂತಳು. ಸೆರಗು ಸರಿಮಾಡಿಕೊಂಡಳು.

"ಮಸ್ಕಿ ಗುಡ್ಡದ ಮ್ಯಾಲ ಮಲ್ಲಯ್ಯನ ದೀಪ,
———ನ ಬಿಟ್ಟು ಇನ್ಯಾರ ಮ್ಯಾಲ ನನ್ನ ಕೋಪ!"

(ಗೆರೆಯಿರುವಲ್ಲಿ ಹೆಸರಿತ್ತು. ನಾನು ಬರೆಯುವುದಿಲ್ಲ.)

"ಕೋಪ ಅನ್ನೂದೂ ಹೊಡೀಬೇಕೇನ್ರಿ?" ಎಂದ ಮೌಲಾಹುಸೇನ.

"ಹೆಸರಷ್ಟ ಹೊಡಿಯಪಾ!"

೫

ಬೀಗ ತೆರೆಯಿತು. ಮೌಲಾಹುಸೇನ ಹಾಡುಗಳನ್ನೆಲ್ಲ ನಕಲಿಸಿ, ಒಂದನ್ನು ಹಚ್ಚಿದ. ಪಾರ್ವತೆಮ್ಮ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು. ಕಸ್ತೂರೆಮ್ಮ ಬಿಕ್ಕಿ ಅತ್ತಳು. ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು. ಲಿಂಗಸುಗೂರಿನ ಬಸ್ಸು ಇನ್ನೂ ಬಂದಿರಲಿಲ್ಲ.

"ಬಸ್ಸು ಬಂತು ಅಂತ ಬರೀಲೇನ್ರಿ ಅಕ್ಕಾರ?"

"ಬ್ಯಾಡ. ಒಮ್ಮೆ ಅವರನ್ನ ಸಾಯಿಸಿದ ಕೈ ಅದು. ಅವರು ಬಸ್ಸಿನ್ಯಾಗ ಅದಾರ, ಕಿಡಕಿ ಬಾಜು ಕುಂತಾರ, ಸಂತೆಕಲ್ಲೂರು ದಾಟ್ಯಾರ. ಅಲ್ಲೇ ಬಿಡು."

ಅಲ್ಲೇ ಬಿಟ್ಟಿದ್ದೇನೆ. ಆಮೇಲೇನಾಯಿತು ಎಂದು ನನ್ನನ್ನು ಕೇಳಬೇಡಿ. ಬಸ್ಸು ಬರುತ್ತಿದೆ.