ಅಯ್ಯನವರ ಪಾದ

ಶ್ರಾವಣ ಸೋಮವಾರ ಕೋಟೆ ಬೀದಿಯ ನಮ್ಮ ಮನೆಯಲ್ಲಿ ಪಾದಪೂಜೆ. ನಮ್ಮ ಮನೆತನದ ಜಂಗಮರು ಷಡಕ್ಷರಯ್ಯನವರು ಭದ್ರಾವತಿಯಿಂದ ಬರುತ್ತಿದ್ದರು. ಆ ವರ್ಷ, ತೊಂಬತ್ತೆಂಟರಲ್ಲಿ, ಅವರ ಪಾದ ದುಂಡಗಾಗಿದ್ದನ್ನು ಕಂಡು ನಮ್ಮತ್ತೆ ಹಿಗ್ಗಿಹೋದರು. "ಅಯ್ನೋರು ಮೈಕೈ ತುಂಬ್ಕೊಂಡಿದಾರೆ, ಶಿವನ ಕೃಪೆ" ಎಂದರು. ಅಯ್ಯನವರು ನವೆ ತಾಳಲಾರದೆ ಅಂಗಾಲನ್ನು ಮಣೆಗೆ ಉಜ್ಜುತ್ತಿದ್ದುದನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಪಾದ ತೊಳೆದು ವಿಭೂತಿ ಹಚ್ಚಿದವಳು ನಾನು. ಮೂರು ಬೆರಳು ಒತ್ತಿ ಎಳೆದರೆ ಕಲಸಿದ ಹಿಟ್ಟಿನ ಮೇಲೆ ಒತ್ತಿದಂತೆ ಗುಳಿ ಬಿತ್ತು, ಮೇಲೇಳಲೇ ಇಲ್ಲ. ಪೂಜೆಯ ನಡುವೆ ಅಪಸ್ವರ ತೆಗೆದರೆ ಅತ್ತೆ ಸುಮ್ಮನಿರುವವರಲ್ಲ. ಆದರೆ ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ?

"ಅಯ್ನೋರೇ, ಇದು ಕೃಪೆಯಲ್ಲ, ಬಾವು. ಪ್ರಸಾದ ಆದ್ಮೇಲೆ ಡಾಕ್ಟ್ರ ಹತ್ರ ಹೋಗೋಣ" ಎಂದುಬಿಟ್ಟೆ.

ವಿದ್ಯಾನಗರದ ಡಾಕ್ಟರು ಕಾಲು ಒತ್ತಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ಲಿವರ್ ತೊಂದ್ರೆ ಇರಬಹುದು. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡ್ಸಿ" ಎಂದರು. ಅಯ್ಯನವರು ಎದ್ದೇ ಬಿಟ್ಟರು.

"ಬೇಡಮ್ಮ ಉಮಾ. ಲಿವರ್ ಅಂದ್ರೆ ಊರಲ್ಲಿ ಏನಂತಾರೆ ಗೊತ್ತಾ? ಅಯ್ಯ ಕದ್ದು ಕುಡೀತಾನೆ ಅಂತಾರೆ. ಆಮೇಲೆ ಯಾವ ಮನೇಲಿ ಈ ಪಾದ ತೊಳೀತಾರೆ?"

ಹನಿ ಮುಟ್ಟದ ಮನುಷ್ಯ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನೀವಿದ್ರೆ ತಾನೇ ಪಾದ ತೊಳೆಯೋದು? ಕೂತ್ಕೊಳ್ಳಿ ಸುಮ್ನೆ!" ಗುರುಗಳನ್ನು ಗದರಿಸಿದ ಪಾಪ ನನಗೇ ಇರಲಿ ಎಂದುಕೊಂಡೆ.

ರಿಪೋರ್ಟ್ ಬಂದ ದಿನ ಅವರ ಹೆಂಡತಿ ಜಗದಾಂಬಮ್ಮನೂ ಬಂದಿದ್ದರು. ಎಷ್ಟು ಕರೆದರೂ ಡಾಕ್ಟರ ಕೋಣೆಯೊಳಗೆ ಬರಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಹೊರಗಿನ ಬೆಂಚಿನಲ್ಲೇ ಕುಳಿತರು.

"ಬೇರೆ ಏನಾದ್ರೂ ಔಷಧಿ ತಗೋತಿದೀರಾ?" ಡಾಕ್ಟರು ಕೇಳಿದರು.

"ಮಂಡಿನೋವಿಗೆ ಸಂತೇಲಿ ಕೊಂಡ ಬೇರಿನ ಪುಡಿ. ಒಂದು ವರ್ಷ ಆಯ್ತು."

"ಲಿವರ್ ಕೆಡಿಸಿರೋದು ಅದೇ. ಇವತ್ತೇ ನಿಲ್ಸಿ. ಊಟದಲ್ಲಿ ಉಪ್ಪು ಕಡಿಮೆ ಮಾಡಿ. ಹೊತ್ತಾಗೋಕೆ ಮುಂಚೆ ಬಂದಿದೀರಿ, ವಾಸಿಯಾಗುತ್ತೆ."

ನನಗೆ ಹೋದ ಜೀವ ಬಂದಂತಾಯಿತು. ಅಯ್ಯನವರಿಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ.

"ಹಾಗಾದ್ರೆ ಕುಡಿತದಿಂದ ಬಂದದ್ದಲ್ಲ?"

"ಖಂಡಿತ ಅಲ್ಲ."

ಅಯ್ಯನವರು ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದರು. "ಡಾಕ್ಟ್ರೇ, ಇನ್ನೊಂದ್ಸಲ ಹೇಳಿ. ಗಟ್ಟಿಯಾಗಿ."

ಡಾಕ್ಟರು ನಗುತ್ತಲೇ ಹೇಳಿದರು. ಬೆಂಚಿನ ಮೇಲಿದ್ದ ಜಗದಾಂಬಮ್ಮ ಗೊಳೋ ಎಂದು ಅತ್ತುಬಿಟ್ಟರು. "ನಾನೂ ಅನುಮಾನ ಪಟ್ಟಿದ್ದೆ ಕಣ್ರೀ..."

ಅಯ್ಯನವರು ಹೋಗಿ ಹೆಂಡತಿಯ ಪಕ್ಕ ಕುಳಿತರು. "ಗೊತ್ತಿತ್ತು. ಅದಕ್ಕೇ ಬಾಗಿಲು ತೆಗೆದೆ" ಎಂದರು.