ತಾಳದ ಜಟ್ಟೆಪ್ಪನ ಕಿವಿ ಪರೀಕ್ಷೆ

ಸಂಪಗಾಂವದಲ್ಲಿ ಅವನನ್ನು ಯಾರೂ ಬರೀ ಜಟ್ಟೆಪ್ಪ ಎನ್ನುತ್ತಿರಲಿಲ್ಲ. ತಾಳದ ಜಟ್ಟೆಪ್ಪ ಎನ್ನಬೇಕು. ಹಗಲೆಲ್ಲ ಬೈಲಹೊಂಗಲದ ಕಾರ್ಖಾನೆಯಲ್ಲಿ ಯಂತ್ರದ ಸುತ್ತಿಗೆಯ ಕೆಳಗೆ ಕಾದ ಕಬ್ಬಿಣ ಹಿಡಿದು ನೇಗಿಲಿನ ಕುಡ ಮಾಡುವವನು, ಸೋಮವಾರ ಸಂಜೆ ಮಠದ ಭಜನೆಯಲ್ಲಿ ಹಿತ್ತಾಳೆಯ ತಾಳ ಹಿಡಿದು ಕೂತರೆ ಮುಗಿಯಿತು, ಪದ ಅವನ ಕೈ ಹಿಂದೆ ನಡೆಯಬೇಕು. ಇಪ್ಪತ್ತೆರಡು ವರ್ಷದಿಂದ ಆ ಜಾಗ ಅವನದೇ.

ಹಾಗಾಗಿ ಕಾರ್ಖಾನೆಯಲ್ಲಿ ಕಿವಿ ಪರೀಕ್ಷೆ ಇಟ್ಟಾಗ ಅವನಿಗೆ ತಾಳದ್ದೇ ಚಿಂತೆ ಹತ್ತಿತು. ಕಿವಿ ಮಂದ ಎಂದು ಕಾಗದದಲ್ಲಿ ಬಂದರೆ ಸಾಕು, ಭಜನೆಯ ಹಿರಿಯ ಮುತ್ತಪ್ಪ ತಾಳವನ್ನು ಪರಸಪ್ಪನ ಕೈಗಿಟ್ಟುಬಿಡುತ್ತಾನೆ. ಪರಸಪ್ಪ! ಚಪ್ಪಾಳೆಯನ್ನೂ ಲಯ ತಪ್ಪಿ ತಟ್ಟುವವ.

ಹಿಂದೊಮ್ಮೆ ಕಾರ್ಖಾನೆಯವರು ಕಿವಿಗೆ ತುರುಕಿಕೊಳ್ಳಲು ಹಳದಿ ಸ್ಪಂಜಿನ ಬೆಣೆ ಕೊಟ್ಟಿದ್ದರು. “ಕಬ್ಬಿಣ ಆರಿದ್ದು ನನಗ ಕಿವೀಲೇ ಗೊತ್ತಾಗೂದು. ಮುಚ್ಚಿಕೊಂಡ್ರ ಕುಡ ಸೀಳತೈತಿ,” ಎಂದು ಜಟ್ಟೆಪ್ಪ ಅವನ್ನು ಮನೆಗೆ ಒಯ್ದ. ಹೆಂಡತಿ ಕಾಡವ್ವ ಒಂದನ್ನು ಕೊಬ್ಬರಿ ಎಣ್ಣೆಯ ಸೀಸೆಗೆ ಬಿರಡೆ ಮಾಡಿದಳು.

ಪರೀಕ್ಷೆ ಮಾಡಲು ಬಂದ ಪ್ರಣಿತಾ ಅವನ ತಲೆಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟಳು. “ಕಾಕಾ, ಸಪ್ಪಳ ಕೇಳಿದಾಗಷ್ಟ ಒತ್ರಿ.”

ಕೂಂ, ಕೂಂ, ಕೂಂ. ಜಟ್ಟೆಪ್ಪ ಒತ್ತಿದ. ಮತ್ತೆ ಕೂಂ, ಕೂಂ, ಕೂಂ. ಅರೆ, ಇದು ಮೂರರ ನಡೆ! ಅವನ ಕಣ್ಣು ತಾನಾಗಿ ಮುಚ್ಚಿತು, ತಲೆ ತೂಗತೊಡಗಿತು. ಹೆಬ್ಬೆರಳು ಗುಂಡಿಯ ಮೇಲೆ ಭಜನೆಗೆ ಕೂತಿತು.

“ಕಾಕಾ.” ಪ್ರಣಿತಾ ಹೆಡ್‌ಫೋನು ಎತ್ತಿದಳು. “ನಾ ಸಪ್ಪಳ ಬಂದ್ ಮಾಡಿ ಎರಡು ನಿಮಿಷ ಆತ್ರಿ.”

“ನೀವು ನಿಲ್ಲಿಸಿದ್ರಿ ಅಂತ ನಾ ತಾಳ ಬಿಡಾಕ ಬರ್ತೈತೇನವ್ವಾ?”

ಅವಳು ನಗು ತಡೆದುಕೊಂಡು, ಈ ಸಲ ಮನಸ್ಸಿಗೆ ಬಂದಂತೆ ಬಿಟ್ಟುಬಿಟ್ಟು ಸಪ್ಪಳ ಹಾಕಿದಳು. ಲಯ ಸಿಗದೆ ಜಟ್ಟೆಪ್ಪ ಸಿಕ್ಕಿಬಿದ್ದ.

“ದಪ್ಪ ದನಿ ಕೇಳ್ತಾವ್ರಿ. ಸಣ್ಣ, ಚೂಪು ದನಿ ಹೋಗ್ಯಾವು. ಸುತ್ತಿಗಿ ತಿಂದೈತಿ. ಹೋದದ್ದು ತಿರುಗಿ ಬರೂದಿಲ್ಲ, ಇದ್ದದ್ದನ್ನ ಉಳಿಸ್ಕೊಳ್ರಿ,” ಎಂದು ಹೊಸ ಬೆಣೆ ಕೊಟ್ಟಳು. “ಗಂಟಿ, ತಾಳ ಇಂಥಾವು ನಿಮಗ ಮೆತ್ತಗ ಕೇಳ್ತಿರಬೇಕಲ್ಲ?”

“ಛೇ, ತಾಳ ಸವದಾವು,” ಎಂದ ಜಟ್ಟೆಪ್ಪ. ನಾದ ಬರಲೊಲ್ಲದೆಂದು ಹೋದ ವರ್ಷವೇ ಸವದತ್ತಿಯಿಂದ ಭಾರದ ಜೋಡಿ ತಂದಿದ್ದ. ಅದೂ ಸವೆದಂತಿತ್ತು, ಇನ್ನಷ್ಟು ಜೋರಾಗಿ ಬಡಿಯುತ್ತಿದ್ದ.

ಪ್ರಣಿತಾ ಬರೆದುಕೊಟ್ಟ ಪರೀಕ್ಷೆಯ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಸೋಮವಾರ ಭಜನೆಗೆ ಹೋದ. ಮೇ ತಿಂಗಳ ಧಗೆ. ಆದರೂ ಪರಸಪ್ಪ ಕಿವಿ ಮುಚ್ಚುವಂತೆ ಟವೆಲ್ಲು ಸುತ್ತಿದ್ದ.

“ಏನಲೇ ಪರಸ್ಯಾ, ಥಂಡಿ ಹತ್ತೇತೇನು?” ಎಂದು ಜಟ್ಟೆಪ್ಪ ಟವೆಲ್ಲು ಜಗ್ಗಿದ. ಕಿವಿಯಲ್ಲಿ ಹತ್ತಿಯುಂಡೆ! ಪದ ಹೇಳುವ ಬಾಯವ್ವನತ್ತ ನೋಡಿದ. ಆಕೆ ತಲೆ ಮೇಲಿನ ಸೆರಗು ಬಿಗಿಮಾಡಿಕೊಂಡಳು. ಹಾರ್ಮೋನಿಯಂ ಮುಂದೆ ಕೂತ ಮುತ್ತಪ್ಪ ನೆಲ ನೋಡಿದ. ಅವನ ಕಿವಿಯಿಂದಲೂ ಬಿಳಿ ಇಣುಕುತ್ತಿತ್ತು.

“ಭಾರದ ತಾಳ ಬಂದಾಗಿಂದ ಹಿಂಗ ನೋಡಪಾ,” ಎಂದಳು ಬಾಯವ್ವ. “ನಿನ್ನ ಹೊಡತಕ್ಕ ಶಿವನೂ ಕಿವಿ ಮುಚ್ಕೊಂಡಾನು. ಹೇಳಿದ್ರ ನಿನ್ನ ಮನಸಿಗೆ ಹತ್ತೀತು ಅಂತ ಸುಮ್ಮನಿದ್ವಿ.”

ಜಟ್ಟೆಪ್ಪ ಕಾಗದ ತೆಗೆದು ಮುತ್ತಪ್ಪನ ಮುಂದಿಟ್ಟ. ತಾಳವನ್ನೂ ಇಟ್ಟ. ಖಾಲಿ ಕೈಗಳು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಕೂತವು.

ಮುತ್ತಪ್ಪ ಕಾಗದ ಓದಿದ, ಮತ್ತೊಮ್ಮೆ ಓದಿದ. “ಕೈಗೇನಾಗೇತಿ ನಿನಗ? ಲಯ ಕೈಯಾಗ ಐತಿ. ಹಳೇ ಸಣ್ಣ ಜೋಡಿ ತಗೊಂಡು ಬಾ. ಆದ್ರ ಕಾರ್ಖಾನ್ಯಾಗ ಕಿವಿ ಮುಚ್ಚಬೇಕು. ಇಲ್ಲಂದ್ರ ತಾಳ ಪರಸ್ಯಾಗ.”

“ಮುಚ್ತೇನಿ!” ಮಾತು ಮುಗಿಯುವ ಮೊದಲೇ ಜಟ್ಟೆಪ್ಪ ಅಂದ.

ಮರುದಿನ ಬೆಣೆ ತುರುಕಿಕೊಂಡು ಸುತ್ತಿಗೆಯ ಮುಂದೆ ನಿಂತ. ಮೊದಲ ಎರಡು ಕುಡ ಸೀಳಿದವು. ಮೂರನೆಯದರ ಹೊತ್ತಿಗೆ ಇಕ್ಕಳ ಅಂಗೈಗೆ ಸುದ್ದಿ ಹೇಳತೊಡಗಿತು: ಕಬ್ಬಿಣ ಬಿಸಿಯಿದ್ದಾಗ ಮೆತ್ತನೆ ನಡುಕ, ಆರಿದಾಗ ಕುಟುಕು.

ಮುಂದಿನ ಸೋಮವಾರ ಬಾಯವ್ವನ ತುಟಿ ನೋಡಿಕೊಂಡು, ಹಳೆಯ ಜೋಡಿಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತಾಗಿಸಿದ. ಪದ ಅರ್ಧ ಮುಗಿಯುವಷ್ಟರಲ್ಲಿ ಪರಸಪ್ಪ ಸಿಡುಕಿದ: “ಜೋರ ಹೊಡಿಯಲೇ ದೋಸ್ತ, ಏನೂ ಕೇಳವಲ್ದು!”

ಜಟ್ಟೆಪ್ಪ ತಾಳ ಬಿಡದೆ, ಗದ್ದದಿಂದಲೇ ಅವನ ಕಿವಿ ತೋರಿಸಿದ. “ಮೊದಲ ಹತ್ತಿ ತಗಿಯಲೇ.”