ಹೊರಡುವಾಗ ಕಾಲೊರೆಸುವವರು

ಜನ ಒಳಗೆ ಬರುವಾಗ ಕಾಲೊರೆಸಿಕೊಳ್ಳುತ್ತಾರೆ; ನಮ್ಮ ಬ್ರಷ್ ಸಾಹೇಬರು ಹೊರಗೆ ಹೋಗುವಾಗ ಒರೆಸಿಕೊಳ್ಳುತ್ತಿದ್ದರು. ಗುಡ್ಡವಿರಲಿ, ಕಚೇರಿಯಿರಲಿ, ಯಾರದೋ ಮನೆಯಿರಲಿ, ಹೊರಡುವ ಹೊತ್ತಿಗೆ ಬಾಗಿಲ ಬಳಿ ಒಂದು ಹಳೆಯ ಕಾಗದ ಹಾಸಿ, ಬೂಟು ಬಿಚ್ಚಿ, ಕುಕ್ಕರುಗಾಲಲ್ಲಿ ಕೂತು, ಅರ್ಧ ಕೂದಲು ಉದುರಿದ ಒಂದು ಬ್ರಷ್ಷಿನಿಂದ ಎರಡೂ ಬೂಟುಗಳ ಅಡಿಯನ್ನು ಉಜ್ಜಿ ಉಜ್ಜಿ ಉದುರಿಸಿ, ಆ ಧೂಳನ್ನು ಕಾಗದದ ಸಮೇತ ಮಡಚಿ ತಗಡಿನ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಆಮೇಲೇ "ಬರ್ತೀನಿ" ಎನ್ನುತ್ತಿದ್ದರು. ಹೊರಡುವ ಮಾತಾಡಿದ ಮೇಲೆ ಅವರು ನಿಜವಾಗಿ ಹೊರಡಲು ಕಾಲು ಗಂಟೆ ಬೇಕಾಗುತ್ತಿತ್ತು.

ಸರ್ಕಾರಿ ಜಮೀನುಗಳಲ್ಲಿ ಎಲ್ಲಿಂದಲೋ ಬಂದು ಬೇರೂರಿದ ಪರದೇಶಿ ಕಳೆಗಳನ್ನು ತೆಗೆಸುವ ಇಲಾಖೆಯಲ್ಲಿ ಅವರು ತಪಾಸಣೆಯ ಅಧಿಕಾರಿ. ಅವರು ಬಂದು, ನಡೆದು, ನೋಡಿ, ಕಾಗದದ ಮೇಲೆ ಬರೆದರೆ ಮಾತ್ರ ಅನುದಾನದ ಮುಂದಿನ ಕಂತು ಬಿಡುಗಡೆ. ಊರಿಗೆ ನೀರು ಕೊಡುವ ಜಲಾಶಯದ ಹಿಂದಿನ ಗುಡ್ಡಕ್ಕೆ ಸರ್ಕಾರ ಮೂರು ವರ್ಷದ ಹಣ ಕೊಟ್ಟಾಗ ಅಲ್ಲಿ ಕಳೆ ಕೀಳುವ ಹನ್ನೆರಡು ಜನರಿಗೆ ನಾನು ಮೇಸ್ತ್ರಿ. ಅದಕ್ಕೆ ಮುಂಚೆ ಕಲ್ಲು ಒಡೆಯುತ್ತಿದ್ದವನು. ಓದಿದ್ದು ನಾಲ್ಕನೇ ತರಗತಿ, ಅದೂ ಪೂರ್ತಿಯಲ್ಲ. ಅಧಿಕಾರಿ ಎಂಬ ಜಾತಿಯ ಮೇಲೆ ನನಗಿದ್ದ ಗೌರವ ಅಷ್ಟಕ್ಕಷ್ಟೆ.

ಅವರ ನಡಿಗೆಯನ್ನು ಮೊದಲು ಕಂಡವರು ನಗದೆ ಇರುತ್ತಿರಲಿಲ್ಲ. ಬೂಟಿನ ಅಡಿಯ ಗೀರುಗಳಲ್ಲಿ ಬೀಜ ಸಿಕ್ಕಿಕೊಂಡು ಊರೂರು ಸುತ್ತುತ್ತದೆಂದು, ಹೊಸ ಬೂಟು ಕೊಂಡ ದಿನವೇ ಅದರ ಅಡಿಯನ್ನು ಅರದಿಂದ ಉಜ್ಜಿ ಕನ್ನಡಿಯಂತೆ ನುಣುಪು ಮಾಡಿಬಿಡುತ್ತಿದ್ದರು. ಹಾಗಾಗಿ ಇಳಿಜಾರಿನಲ್ಲಿ ಜಾರುವ ಭಯ ಅವರಿಗೆ ಸದಾ ಇದ್ದದ್ದೇ. ಪಾದವನ್ನು ಚಪ್ಪಟೆಯಾಗಿ ಇಟ್ಟು, ಕೈಗಳನ್ನು ಪಕ್ಕಕ್ಕೆ ಸ್ವಲ್ಪ ಎತ್ತಿಕೊಂಡು, ಒಂದೊಂದೇ ಹೆಜ್ಜೆ ಸರಿಸುತ್ತಾ ಬರುತ್ತಿದ್ದರು. ನಮ್ಮ ತಂಡದಲ್ಲಿದ್ದ ನನ್ನ ಚಿಕ್ಕಮ್ಮ, ಬಾಯಿಗೆ ಬೀಗವಿಲ್ಲದ ಹೆಂಗಸು, ದೂರದಿಂದಲೇ ಸಾರುತ್ತಿದ್ದಳು: "ಬಂದ್ರು ನೋಡ್ರೇ, ಅತ್ತೆ ಈಗಷ್ಟೇ ಒರೆಸಿದ ನೆಲದ ಮೇಲೆ ಹೊಸ ಸೊಸೆ ಬಂದ ಹಾಗೆ!"

ಇನ್ನು ಆ ಕೋಟು. ಬೂದಿ ಬಣ್ಣದ್ದು, ಮೊಣಕೈಯಲ್ಲಿ ಎರಡು ತೇಪೆ. ಅದಕ್ಕಿದ್ದ ನಾಲ್ಕು ಜೇಬುಗಳ ಬಾಯಿಯನ್ನೂ ದಪ್ಪ ದಾರದಿಂದ ಹೊಲಿದುಬಿಟ್ಟಿದ್ದರು, ಏಕೆಂದರೆ ಜೇಬಿನ ಮೂಲೆಯೂ ಬೀಜ ಅಡಗುವ ಜಾಗವೇ. ಪೆನ್ನು ಕೊರಳಿಗೆ ಒಂದು ದಾರದಲ್ಲಿ, ಕನ್ನಡಕ ಇನ್ನೊಂದರಲ್ಲಿ, ಬಸ್ಸಿನ ಚೀಟಿ ಟೋಪಿಯ ಮಡಿಕೆಯಲ್ಲಿ. ಒಮ್ಮೆ ನಮಗೆ ಗುದ್ದಲಿ, ಕೈಗವಸು ಸರಬರಾಜು ಮಾಡುವವನೊಬ್ಬ, ಬಿರುಕುಬಿಟ್ಟ ಹಿಡಿಗಳ ವಿಷಯ ಮೇಲಕ್ಕೆ ಹೋಗದಿರಲೆಂದು, ಮಾತಾಡುತ್ತಾ ಮಾತಾಡುತ್ತಾ ಒಂದು ಲಕೋಟೆಯನ್ನು ಅವರ ಜೇಬಿಗೆ ಇಳಿಸಲು ಹೋದ. ಅವನ ಕೈ ಕೋಟಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮೇಲೆ ತಡಕಿತು, ಕೆಳಗೆ ತಡಕಿತು. ಕಡೆಗೆ ಲಕೋಟೆಯನ್ನು ತನ್ನ ಜೇಬಿಗೇ ಇಳಿಸಿಕೊಂಡು ಪೆಚ್ಚು ಮೋರೆ ಹಾಕಿ ನಿಂತ. ಸಾಹೇಬರು ಏನೂ ತಿಳಿಯದವರಂತೆ, "ಕಚಗುಳಿ ಆಗುತ್ತಪ್ಪ" ಎಂದರು. ಚಿಕ್ಕಮ್ಮ ಆ ದಿನವೆಲ್ಲ ಅದನ್ನೇ ಹೇಳಿಕೊಂಡು ನಕ್ಕಳು: "ಲಂಚ ತಿನ್ನದೋರು ಇದ್ದಾರೆ ಅಂತ ಕೇಳಿದ್ದೆ. ಲಂಚ ಇಡೋಕೆ ಜಾಗಾನೇ ಹೊಲಿದುಹಾಕಿದೋರನ್ನ ಈಗಲೇ ನೋಡಿದ್ದು!"

ಮಾತಿನಲ್ಲಿ ಅವರಿಗೊಂದು ಚಟವಿತ್ತು: ಸದ್ಯಕ್ಕೆ. ಆರೋಗ್ಯವಾ ಸಾಹೇಬರೇ ಎಂದರೆ "ಸದ್ಯಕ್ಕೆ." ಊಟ ಆಯ್ತಾ ಎಂದರೆ "ಸದ್ಯಕ್ಕೆ ಆಯ್ತು." ಮಗಳಿಗೆ ಮದುವೆ ಗೊತ್ತಾಯಿತಂತೆ ಎಂದು ನಾನು ಕೇಳಿದ ದಿನ "ಹೂಂ, ಸದ್ಯಕ್ಕೆ" ಎಂದುಬಿಟ್ಟು, ಆಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು.

ಮೊದಲ ತಿಂಗಳಲ್ಲೇ ನಾನು ಅವರೊಡನೆ ಜಗಳವಾಡಿದೆ. ಮನೆಗೆ ಕರೆದು ಚಹಾ ಕೊಟ್ಟಿದ್ದೆ. ಕುಡಿದು ಎದ್ದವರು ನಮ್ಮ ಹೊಸ್ತಿಲ ಬಳಿ ಕಾಗದ ಹಾಸಿ ಬೂಟು ಉಜ್ಜತೊಡಗಿದರು. ನನ್ನ ಹೆಂಡತಿ ಬೆಳಿಗ್ಗೆ ತಾನೇ ಗುಡಿಸಿ ಒರೆಸಿದ ಮನೆ. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ರೀ, ನಮ್ಮನೆ ಕಸ ನಿಮ್ಮ ಕಾಲಿಗೆ ಅಂಟಿಕೊಳ್ತಾ? ಬರೋವಾಗ ಒರೆಸದೋರು ಹೋಗೋವಾಗ ಒರೆಸ್ತೀರಾ?"

ಅವರು ಬ್ರಷ್ಷನ್ನು ನಿಲ್ಲಿಸಲೂ ಇಲ್ಲ. "ನಿಮ್ಮನೆ ಅಂತಲ್ಲ ಮೇಸ್ತ್ರಿ. ಎಲ್ಲಿಂದ ಹೊರಟರೂ ಅಷ್ಟೇ. ಬರೋವಾಗ ಚೊಕ್ಕವಾಗಿರೋದು ನಮ್ಮ ಮರ್ಯಾದೆಗೆ. ಹೋಗೋವಾಗ ಚೊಕ್ಕವಾಗಿರೋದು ಮುಂದಿನ ಜಾಗದ ಮರ್ಯಾದೆಗೆ."

ಆಗ ಅದು ನನಗೆ ಅಧಿಕಪ್ರಸಂಗವಾಗಿ ಕೇಳಿಸಿತು.

ಗುಡ್ಡದ ಕಳೆಯ ಬಗ್ಗೆ ಒಂದು ಮಾತು ಹೇಳಬೇಕು. ಸೊಂಟದೆತ್ತರ, ಬಿಳಿ ಹೂವು, ಮುಟ್ಟಿದರೆ ತುರಿಕೆ, ಉಸಿರಿಗೆ ಹೋದರೆ ಕೆಮ್ಮು. ಅದು ನಿಂತ ಕಡೆ ಇನ್ನೊಂದು ಹುಲ್ಲು ಏಳುತ್ತಿರಲಿಲ್ಲ. ಹುಲ್ಲಿಲ್ಲದ ಮಣ್ಣು ಮಳೆಗೆ ಕರಗಿ ಜಲಾಶಯಕ್ಕೆ ಸೇರುತ್ತಿತ್ತು. ಚಿಕ್ಕಮ್ಮ ಅದಕ್ಕೆ 'ನೆಂಟರು' ಎಂದು ಹೆಸರಿಟ್ಟಿದ್ದಳು, ಬಂದವರು ಹೋಗುವ ಮಾತೇ ಎತ್ತುವುದಿಲ್ಲವೆಂದು. ಮೊದಲ ವರ್ಷ ಆವೇಶದಲ್ಲಿ ನಾನು ಗುಡ್ಡದ ಒಂದಿಡೀ ಪಟ್ಟಿಯನ್ನು ಬೋಳಿಸಿ ಬೀಗುತ್ತಾ ನಿಂತೆ. ಸಾಹೇಬರು ಕಿತ್ತ ರಾಶಿಯ ಮುಂದೆ ಬಹಳ ಹೊತ್ತು ಕೂತು, ನನ್ನನ್ನೂ ಕೂರಿಸಿಕೊಂಡರು. ಅರ್ಧಕ್ಕರ್ಧ ಅಲ್ಲಿಯದೇ ಗಿಡ. ಎಲೆ ಮಾತ್ರ ಕಳೆಯ ಎಲೆಯ ಹಾಗೆ. ನಾನು ಬೈಗುಳಕ್ಕೆ ತಯಾರಾದೆ, ತಿರುಗಿ ಬೈಯಲೂ ತಯಾರಾದೆ. ಅವರು ಎರಡು ಎಲೆ ಹೊಸಕಿ ಒಂದೊಂದಾಗಿ ನನ್ನ ಮೂಗಿಗೆ ಹಿಡಿದರು. ಒಂದು ಘಾಟು, ಒಂದು ತಂಪು. "ಓದಿದೋರು ಪುಸ್ತಕ ನೋಡಿ ಇದನ್ನ ತಪ್ಪಿಸಿಕೊಳ್ತಾರೆ. ನಿಮ್ಮ ಮೂಗು ತಪ್ಪಿಸಿಕೊಳ್ಳಲ್ಲ" ಎಂದರು. ಅಂದಿನಿಂದ ನಮ್ಮ ತಂಡದಲ್ಲಿ ಮೂಸದೆ ಕಿತ್ತವರಿಲ್ಲ. ನನಗೆ ಒಂದು ವಿದ್ಯೆ ಗೊತ್ತಿದೆಯೆಂದು ಜೀವಮಾನದಲ್ಲಿ ಮೊದಲ ಸಲ ಅನಿಸಿದ್ದು ಆ ರಾಶಿಯ ಪಕ್ಕದಲ್ಲಿ.

ಮೂರನೆಯ ವರ್ಷದ ಕೊನೆಗೆ ಗುಡ್ಡ ನಿಚ್ಚಳವಾಗಿತ್ತು. ಮೇಲಿನಿಂದ ಕೆಳಗಿನವರೆಗೆ ನಡೆದರೂ ಒಂದು ಬಿಳಿ ಹೂವಿಲ್ಲ. ಇಲಾಖೆಯ ನಮೂನೆ ಬಂತು. ಅದರಲ್ಲಿ ಎರಡೇ ಮನೆ: 'ಕಳೆ ನಿರ್ಮೂಲವಾಗಿದೆ', 'ನಿರ್ಮೂಲವಾಗಿಲ್ಲ'. ಆಗಿದೆ ಎಂದು ಗುರುತು ಹಾಕಿದರೆ ನಮಗೆ ಕೊನೆಯ ಕಂತು ಬರುತ್ತದೆ, ಯೋಜನೆ ಮುಗಿಯುತ್ತದೆ. ಆಗಿಲ್ಲ ಎಂದರೆ ಕೆಲಸ ಸೋತಿತೆಂದು ಲೆಕ್ಕ, ಹಣ ಅಲ್ಲಿಗೇ ನಿಲ್ಲುತ್ತದೆ. ಸಾಹೇಬರು ಎರಡೂ ಮನೆಗಳನ್ನು ಖಾಲಿ ಬಿಟ್ಟು, ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ಸದ್ಯಕ್ಕೆ ಕಾಣುತ್ತಿಲ್ಲ.'

ನಮೂನೆ ವಾಪಸು ಬಂತು. ಮತ್ತೆ ಹಾಗೆಯೇ ಬರೆದು ಕಳಿಸಿದರು. ಮತ್ತೆ ವಾಪಸು ಬಂತು.

ಮೂರನೆಯ ಸಲವೂ ಹಾಗೆಯೇ ಬರೆದರೆಂದು ಕೇಳಿದಾಗ ನಾನು ಅವರ ಕಚೇರಿಗೆ ನುಗ್ಗಿದೆ. ಒಂದೇ ಕಿಟಕಿಯ ಕೋಣೆ, ಕಾಲು ಅಲ್ಲಾಡದಂತೆ ರಟ್ಟು ಮಡಚಿ ಇಟ್ಟ ಮೇಜು, ಕಡತಗಳ ಮೇಲೆ ಭಾರಕ್ಕೆ ನಮ್ಮ ಗುಡ್ಡದ್ದೇ ಒಂದು ಕಲ್ಲು, ತೊಳೆದು ಇಟ್ಟದ್ದು.

"ಮೂರು ವರ್ಷ ಕೈಯೆಲ್ಲ ತುರಿಸಿಕೊಂಡು ಕಿತ್ತಿದೀವಿ. ಒಂದು ಗಿಡ ತೋರಿಸಿ ನೋಡೋಣ! ನಮ್ಮ ಕೆಲಸ ಸರಿಯಿಲ್ಲ ಅಂತ ಬರೆಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ಸರಿಯಿಲ್ಲ ಅಂತ ಬರೆದಿಲ್ಲಪ್ಪ."

"ಸರಿಯಿದೆ ಅಂತಾನೂ ಬರೆದಿಲ್ಲವಲ್ಲ!"

ಅವರು ನನಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ನಿಂತವನಿಗೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಳೆ ಎಂದೂ ಕಾಣದ ಒಂದು ಹುಲ್ಲುಗಾವಲನ್ನು ನೋಡಲು ಅವರನ್ನು ಕಳಿಸಿದ್ದರಂತೆ. ಹಿಂದಿನ ದಿನ ಕಳೆಯ ಜಾಗದಲ್ಲಿದ್ದರು. ಅದೇ ಬೂಟು, ಅದೇ ಕೋಟು. ಆ ಕೊನೆಯಿಂದ ಈ ಕೊನೆಗೆ ನಡೆದು 'ಇಲ್ಲಿ ಕಳೆಯಿಲ್ಲ' ಎಂದು ಬರೆದು ಬಂದರು. ಮರುವರ್ಷ ಹೋದರೆ ಹುಲ್ಲುಗಾವಲಿನ ನಡುವೆ ಒಂದು ಸಣ್ಣ ಬಿಳಿ ಗೆರೆ. "ನಾನು ನಿಂತು ಕೋಟು ಕೊಡವಿದ ಕಡೆ ಒಂದು ಗುಂಪು. ಸುತ್ತಿ ಹೋದ ಕಡೆ ಸುತ್ತು. ನಾನು ನಡೆದ ದಾರಿ ಅಷ್ಟೂ ಹೂಬಿಟ್ಟಿತ್ತು ಮೇಸ್ತ್ರಿ. ಕೆಳಗೆ ನನ್ನ ಸಹಿ ಹಾಕಿದ ಹಾಗೆ."

ಆಮೇಲೆ ಮೆಲ್ಲಗೆ, "ನೀವು ಗಿಡ ಕಿತ್ತಿದೀರಿ. ಬೀಜ ಮಣ್ಣಲ್ಲಿದೆ, ಇನ್ನೂ ನಾಲ್ಕೈದು ವರ್ಷ ಏಳುತ್ತೆ. ಈಗ ಮುಗೀತು ಅಂತ ಬರೆದರೆ ನಿಮ್ಮ ಮೂರು ವರ್ಷಾನ ನಾನೇ ಬೆಂಕಿಗೆ ಹಾಕಿದ ಹಾಗೆ" ಎಂದರು.

ನನ್ನ ಕೋಪಕ್ಕೆ ನಿಲ್ಲಲು ಜಾಗವಿಲ್ಲದಾಯಿತು. ಆದರೆ ಆ ವಾದ ಮೇಲಿನವರಿಗೆ ತಲುಪಬೇಕಲ್ಲ? ಅವರಾಗಲೇ ದಿನ ಗೊತ್ತುಮಾಡಿದ್ದರು. ಇಲಾಖೆಯ ದೊಡ್ಡ ಸಾಹೇಬರೇ ಬಂದು ಗುಡ್ಡವನ್ನು ಕಣ್ಣಾರೆ ಕಂಡು ಯೋಜನೆ ಮುಗಿಸುವುದೆಂದು ತೀರ್ಮಾನ. 'ಕಳೆಮುಕ್ತ ಗುಡ್ಡ' ಎಂಬ ಫಲಕ ಸಹ ಬರೆಸಿಯಾಗಿತ್ತು.

ಆ ದಿನ ಬ್ರಷ್ ಸಾಹೇಬರು ಎಂದೂ ಮಾಡದ್ದನ್ನು ಮಾಡಿದರು. ಗುಡ್ಡದ ಬುಡದಲ್ಲಿ, ಹತ್ತುವ ಮೊದಲೇ, ದೊಡ್ಡ ಸಾಹೇಬರ ಮುಂದೆ ಕಾಗದ ಹಾಸಿ, "ಬೂಟು ಸ್ವಲ್ಪ ಬಿಚ್ಚಿಕೊಡಿ ಸಾರ್" ಎಂದು ಕೈಚಾಚಿದರು. ಅಧಿಕಾರಕ್ಕೆ ತಕ್ಕ ಗಾತ್ರದ ಆ ಬೂಟುಗಳ ಅಡಿಯ ಒಂದೊಂದು ಗೀರನ್ನೂ ಸೂಜಿಯಿಂದ ಕೆದಕಿ ತೊಳೆದು ಕೊಟ್ಟರು. ಮುಖ್ಯಸ್ಥರನ್ನು ಓಲೈಸುವುದೆಂದು ತಿಳಿದು ಚಿಕ್ಕಮ್ಮ ಕೂಡ ಮುಖ ತಿರುಗಿಸಿದಳು. ಎರಡು ಗಂಟೆ ಸುತ್ತಾಡಿ ಇಳಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬೂಟು ಬಿಚ್ಚಿಸಿ, ಎಡಗಾಲಿನ ಮಣ್ಣನ್ನು ಒಂದು ಡಬ್ಬಿಗೆ, ಬಲಗಾಲಿನದನ್ನು ಇನ್ನೊಂದಕ್ಕೆ ಉದುರಿಸಿದರು. "ಈ ಎರಡು ಡಬ್ಬಿಗೆ ನೀರು ಹಾಕಿ ಎರಡು ವಾರ ನೋಡ್ತೀನಿ ಸಾರ್. ಏನೂ ಏಳದಿದ್ದರೆ 'ಆಗಿದೆ' ಅಂತ ನಾನೇ ಬರೆದುಕೊಡ್ತೀನಿ."

ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡು, "ಎರಡೇ ವಾರ" ಎಂದರು.

ಡಬ್ಬಿಗಳು ಕಚೇರಿಯ ಕಿಟಕಿಯಲ್ಲಿ ಕೂತವು. ನಾನು ದಿನಾ ಕೆಲಸ ಬಿಟ್ಟು ಅತ್ತ ಹೋಗಿ ಇಣುಕುತ್ತಿದ್ದೆ. ನಾಲ್ಕು ದಿನ, ಏಳು ದಿನ, ಒಂಬತ್ತು ದಿನ, ಬರೀ ಮಣ್ಣು. ಸಾಹೇಬರು ಚಮಚದಿಂದ ಅಳೆದು ನೀರು ಹಾಕಿ, ಡಬ್ಬಿಗಳನ್ನು ಬಿಸಿಲ ಕಡೆಗೆ ತಿರುಗಿಸಿಡುತ್ತಿದ್ದರು. ಏನೂ ಏಳದಿದ್ದರೆ ಅವರು ಮಾತಿಗೆ ತಪ್ಪುವವರಲ್ಲ, ಬರೆದುಕೊಡುತ್ತಾರೆ, ಗುಡ್ಡ ಮತ್ತೆ ನೆಂಟರ ಪಾಲು. ಹನ್ನೊಂದನೆಯ ದಿನ ನಾನು ಡಬ್ಬಿಯ ಮೇಲೆ ಬಾಗಿ, ಮೂರು ವರ್ಷ ಬಾಯಿಗೆ ಬಂದಂತೆ ಶಾಪ ಹಾಕಿದ ಅದೇ ಗಿಡವನ್ನು, "ಏಳೇ ಮಾರಾಯ್ತಿ, ಇದೊಂದು ಸಲ ಏಳು" ಎಂದು ಬೇಡುತ್ತಿದ್ದೆ. ಹಿಂದೆ ಸಾಹೇಬರು ನಿಂತದ್ದು ಗೊತ್ತಾಗಲಿಲ್ಲ. ಅವರು ಕನ್ನಡಕ ಏರಿಸಿ ನೋಡಿ, ನನ್ನ ಭುಜ ಮುಟ್ಟಿ, ಎಡಗಾಲಿನ ಡಬ್ಬಿಯ ಅಂಚಿಗೆ ಬೆರಳು ತೋರಿಸಿದರು. ಉಗುರಿನ ತುದಿಯಷ್ಟು ಹಸಿರು, ಎರಡು ಎಲೆ. ನಾನು ಒಂದು ಎಲೆಯ ಚೂರು ಹೊಸಕಿ ಮೂಸಿದೆ. ಘಾಟು. ಅಷ್ಟು ಸಂತೋಷ ಕೊಟ್ಟ ವಾಸನೆ ನನಗೆ ಬೇರೆ ನೆನಪಿಲ್ಲ.

ಹದಿನಾಲ್ಕನೆಯ ದಿನ ಇಬ್ಬರೂ ಬಸ್ಸಿನಲ್ಲಿ ಮುಖ್ಯ ಕಚೇರಿಗೆ ಹೋದೆವು, ತೊಡೆಯ ಮೇಲೆ ಒಬ್ಬೊಬ್ಬರಿಗೆ ಒಂದು ಡಬ್ಬಿ. ದೊಡ್ಡ ಸಾಹೇಬರು ಎಣಿಸಿದರು: ಹದಿನೇಳು ಸಸಿ.

"ಇದೆಲ್ಲಾ ನನ್ನ ಕಾಲಿಂದಾನಾ?"

"ಎಡಗಾಲಿಂದು ಮಾತ್ರ ಸಾರ್. ಬಲಗಾಲಿಂದು ಮೇಸ್ತ್ರಿ ಹತ್ತಿರ ಇದೆ."

"ಬೇರೆ ಕಡೆಯಿಂದ ಅಂಟಿಕೊಂಡು ಬಂದಿರಬಹುದಲ್ಲ?"

"ಹತ್ತೋ ಮೊದಲು ನಾನೇ ತೊಳೆದಿದ್ದೆ ಸಾರ್."

ದೊಡ್ಡ ಸಾಹೇಬರು ತಮ್ಮ ಬೂಟನ್ನು ಮೇಜಿನ ಕೆಳಗೆ ನಿಧಾನವಾಗಿ ಒಳಕ್ಕೆಳೆದುಕೊಂಡದ್ದನ್ನು ನಾನು ಕಂಡೆ. ಆಮೇಲೆ ಅವರು ನಕ್ಕರು, ಅದು ಅವರ ದೊಡ್ಡತನ. ತಡೆದಿದ್ದ ಕಂತು ಬಿಡುಗಡೆಯಾಯಿತು. ಮತ್ತೆ ಏಳುವ ಕಳೆ ನೋಡಿಕೊಳ್ಳಲು ಇನ್ನೂ ಐದು ವರ್ಷ, ಚಿಕ್ಕ ಮೊತ್ತವಾದರೂ, ಅನುದಾನ ಮಂಜೂರಾಯಿತು. ಮುಂದಿನ ವರ್ಷದ ನಮೂನೆಯಲ್ಲಿ ಮೂರನೆಯ ಮನೆಯೊಂದು ಅಚ್ಚಾಗಿ ಬಂತು: 'ಸದ್ಯಕ್ಕೆ ಕಾಣುತ್ತಿಲ್ಲ'. ಫಲಕ ನಮ್ಮ ಸಾಮಾನಿನ ಕೊಟ್ಟಿಗೆಯ ಪಾಲಾಯಿತು; ಚಿಕ್ಕಮ್ಮ ಅದನ್ನು ಮಗುಚಿ ಹಾಕಿ, ಅದರ ಮೇಲೆ ಕೂತು ಚಹಾ ಕುಡಿಯುತ್ತಾಳೆ.

ಸಾಹೇಬರು ನಿವೃತ್ತರಾಗಿ ನಾಲ್ಕು ವರ್ಷ. ಕಚೇರಿಯ ಕೊನೆಯ ದಿನ, ಎಲ್ಲರೂ ಕೈಮುಗಿದು ನಿಂತಿರುವಾಗ, ಅವರು ಬಾಗಿಲಲ್ಲಿ ಎಂದಿನಂತೆ ಕಾಗದ ಹಾಸಿ ಕೂತರು. ಮೂವತ್ತೊಂದು ವರ್ಷ ಕೂತ ಕೋಣೆಯಿಂದಲೂ ಏನನ್ನೂ ಅಂಟಿಸಿಕೊಂಡು ಹೋಗಬಾರದೆಂದು ಉಜ್ಜುತ್ತಿದ್ದರು. ಯಾರೂ ನಗಲಿಲ್ಲ. ಚಿಕ್ಕಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಬೇಗ ಉಜ್ಜಬೇಡಿ ಸಾಹೇಬ್ರೇ" ಎಂದಳು.

ಕೆಲಸ ಆಯಿತೆಂದು ಸಹಿ ಹಾಕಿ ಕೈ ತೊಳೆದುಕೊಳ್ಳುವವರನ್ನು ನಾನು ಎಷ್ಟೋ ಜನರನ್ನು ಕಂಡಿದ್ದೇನೆ. ಅವರ ಹೆಸರು ಫಲಕಗಳ ಮೇಲಿರುತ್ತದೆ. ಆಯಿತೆನ್ನಲು ಬಾಯಿ ಬಾರದೆ, ತಾವು ಹೋದ ಮೇಲೆ ಏನು ಮೊಳೆಯಬಹುದೆಂದು ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂರುವವರು ಕೆಲವೇ ಜನ. ಅಂಥವರು ನಡೆದ ದಾರಿಯಲ್ಲಿ ಅವರ ಗುರುತೇ ಉಳಿಯುವುದಿಲ್ಲ, ಉಳಿಯಬಾರದೆಂದೇ ಅವರು ಜೀವಮಾನವಿಡೀ ಉಜ್ಜಿರುತ್ತಾರೆ; ಅಲ್ಲಿ ಹುಲ್ಲು ತನ್ನ ಪಾಡಿಗೆ ತಾನು ಬೆಳೆದಿರುತ್ತದೆ, ಕೆಳಗೆ ನೀರು ತಿಳಿಯಾಗಿರುತ್ತದೆ. ನಮ್ಮ ಗುಡ್ಡ ಹಾಗಿದೆ. ಸದ್ಯಕ್ಕೆ.